ಮುಂದಿನ ರೆಕ್ಕೆಯ ಗಾಳಿ

(ಗದಗಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಹಳ್ಳಿಯ ಶಾಲೆಗಳಲ್ಲಿ ವಿಜ್ಞಾನ ಕಲಿಸಿದ ಶಿಕ್ಷಕರೊಬ್ಬರ ನೆನಪಿಗಾಗಿ ಅವರ ಮನೆಯವರು ಇಟ್ಟ ದತ್ತಿ ಇದು. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನನಗೇ ಕೊಟ್ಟಿದ್ದಾರೆ. ಚಳಿಗಾಲದಲ್ಲಿ ಗದಗಿಗೆ ಬಂದು ಹಕ್ಕಿಗಳ ಬಗ್ಗೆ ಮಾತಾಡದೆ ಹೋಗುವುದು ನನ್ನಿಂದಾಗದು. ಇಲ್ಲಿಂದ 26 ಕಿಲೋಮೀಟರ್ ದೂರದ ಮಾಗಡಿ ಕೆರೆಯಲ್ಲಿ ಈ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಇಳಿದಿವೆ. ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿಗಳ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ, ಶಿರಹಟ್ಟಿ ತಾಲ್ಲೂಕಿನ ಒಂದು ಕೆರೆಯನ್ನು ಹುಡುಕಿಕೊಂಡು ಬರುವ ಹಕ್ಕಿಗಳು ಅವು. ಬೂದು ಮೈ, ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಕೆರೆಯಿಂದ ಹೊಲಗಳತ್ತ ಹೊರಟಾಗ ಮೊದಲ ಕೆಲವು ಕ್ಷಣ ಬರೀ ಗದ್ದಲ. ಆಮೇಲೆ ನೋಡುನೋಡುತ್ತಿದ್ದಂತೆ ಆ ಗದ್ದಲ ಒಂದು ಓರೆಗೆರೆಯಾಗುತ್ತದೆ, ಕೆಲವೊಮ್ಮೆ ಎರಡು ಗೆರೆ ಕೂಡಿ ಬಾಣದ ಮೊನೆಯಾಗುತ್ತದೆ. ಆ ಗೆರೆಯನ್ನು ಎಳೆಯುವವರು ಯಾರು, ಅದರಿಂದ ಹಕ್ಕಿಗೆ ಏನು ಸಿಗುತ್ತದೆ ಎಂಬುದೇ ಇವತ್ತಿನ ಮಾತು.

ಮೊದಲು ಒಂದು ನಂಬಿಕೆಯನ್ನು ಪಕ್ಕಕ್ಕಿಡೋಣ. ಬಾಣದ ತುದಿಯಲ್ಲಿರುವುದು ನಾಯಕ, ಎಲ್ಲರಿಗಿಂತ ಬಲಶಾಲಿ, ಉಳಿದವು ಅದರ ಅಪ್ಪಣೆಯಂತೆ ಹಿಂಬಾಲಿಸುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಕಚೇರಿಗಳ ತರಬೇತಿ ಶಿಬಿರಗಳಲ್ಲೂ ಮೊಬೈಲ್ ಸಂದೇಶಗಳಲ್ಲೂ ಬಾತುಗಳ ಹೆಸರಿನಲ್ಲಿ ನಾಯಕತ್ವದ ಪಾಠ ಓಡಾಡುತ್ತದೆ. ಹಿಂದಿನವು ಕೂಗುವುದು ಮುಂದಿನವನ್ನು ಹುರಿದುಂಬಿಸಲಿಕ್ಕಂತೆ, ಒಂದು ಹಕ್ಕಿಗೆ ಕಾಯಿಲೆಯಾದರೆ ಎರಡು ಹಕ್ಕಿ ಜತೆಗೆ ಇಳಿದು ಅದರ ಆರೈಕೆಗೆ ನಿಲ್ಲುತ್ತವಂತೆ. ಇವಕ್ಕೆ ಆಧಾರವಿಲ್ಲ. ಮಕ್ಕಳಿಗೆ ಇದನ್ನು ವಿಜ್ಞಾನವೆಂದು ಹೇಳಿಕೊಡುವುದು ನನಗೆ ನೋವಿನ ಸಂಗತಿ, ಏಕೆಂದರೆ ಹಕ್ಕಿಗಳು ನಿಜವಾಗಿ ಮಾಡುತ್ತಿರುವುದು ಈ ಕಟ್ಟುಕತೆಗಿಂತ ಎಷ್ಟೋ ದೊಡ್ಡದು. ಅವು ಗಾಳಿಯ ಲೆಕ್ಕವನ್ನು ಮೈಯಲ್ಲೇ ಮಾಡುತ್ತವೆ.

ಹಾರುವ ಹಕ್ಕಿಯ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ಹಕ್ಕಿಯನ್ನು ಎತ್ತಿ ಹಿಡಿಯುವುದು ಈ ವ್ಯತ್ಯಾಸವೇ. ಆದರೆ ರೆಕ್ಕೆ ಒಂದು ಕಡೆ ಮುಗಿಯಲೇಬೇಕಲ್ಲ? ಅದರ ತುದಿಯಲ್ಲಿ, ಕೆಳಗಿನ ಒತ್ತಡದ ಗಾಳಿ ಹೊರಮಗ್ಗುಲಿಂದ ಬಳಸಿಕೊಂಡು ಮೇಲಕ್ಕೆ ನುಗ್ಗುತ್ತದೆ. ಹೀಗೆ ಎರಡೂ ತುದಿಗಳಿಂದ ಎರಡು ಸುಳಿಗಳು ಹುಟ್ಟಿ ಹಕ್ಕಿಯ ಹಿಂದೆ ಉದ್ದಕ್ಕೂ ಚಾಚಿಕೊಳ್ಳುತ್ತವೆ. ಈ ಸುಳಿಗಳ ನಡುವೆ, ಅಂದರೆ ಹಕ್ಕಿಯ ನೇರ ಬೆನ್ನ ಹಿಂದೆ, ಗಾಳಿ ಕೆಳಕ್ಕೆ ಇಳಿಯುತ್ತಿರುತ್ತದೆ. ಸುಳಿಗಳ ಹೊರಬದಿಯಲ್ಲಿ ಅದು ಮೇಲಕ್ಕೆ ಏಳುತ್ತಿರುತ್ತದೆ. ಹಿಂದೆ ಬರುವ ಹಕ್ಕಿ ನೇರ ಹಿಂದೆ ಬಂದರೆ ಇಳಿಗಾಳಿಗೆ ಸಿಕ್ಕಿ ಹೆಚ್ಚು ದುಡಿಯಬೇಕು. ತುಸು ಓರೆಗೆ ಸರಿದು, ತನ್ನ ರೆಕ್ಕೆಯ ತುದಿಯನ್ನು ಮುಂದಿನದರ ಏರುಗಾಳಿಯಲ್ಲಿ ಇಟ್ಟರೆ, ತನ್ನ ಭಾರದ ಒಂದು ಪಾಲನ್ನು ಆ ಗಾಳಿಗೆ ಬಿಡಬಹುದು. ಮೂರನೆಯದು ಎರಡನೆಯದರ ಓರೆಗೆ, ನಾಲ್ಕನೆಯದು ಮೂರನೆಯದರ ಓರೆಗೆ ಬಂದರೆ ಸಾಲು ತಾನಾಗಿಯೇ ಬಾಗುತ್ತದೆ. ಯಾರೂ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾರಬೇಕಿಲ್ಲ. ಪ್ರತಿ ಹಕ್ಕಿಯೂ ತನ್ನ ಮುಂದಿನ ಒಂದು ರೆಕ್ಕೆಯನ್ನು ಮಾತ್ರ ಗಮನಿಸಿದರೆ ಸಾಕು.

ಈ ವಿವರಣೆ ಹೊಸದಲ್ಲ. ಜರ್ಮನಿಯ ಕಾರ್ಲ್ ವೀಸೆಲ್ಸ್‌ಬರ್ಗರ್ 1914ರಲ್ಲೇ ಇದನ್ನು ಬರೆದಿದ್ದರು. ಮನುಷ್ಯರ ವಿಮಾನಕ್ಕೆ ಆಗಿನ್ನೂ ಹನ್ನೊಂದು ವರ್ಷ. 1970ರಲ್ಲಿ ಲಿಸಮನ್ ಮತ್ತು ಶೊಲೆನ್‌ಬರ್ಗರ್ ಎಂಬ ಇಬ್ಬರು ಲೆಕ್ಕ ಹಾಕಿ, 25 ಹಕ್ಕಿಗಳು ಸರಿಯಾದ ಸಾಲಿನಲ್ಲಿ ಹಾರಿದರೆ ಒಂಟಿ ಹಕ್ಕಿಗಿಂತ ಸುಮಾರು ಶೇ. 70ರಷ್ಟು ಹೆಚ್ಚು ದೂರ ಹೋಗಬಲ್ಲವು ಎಂದರು. ಈ ಅಂಕಿ ಬಹಳ ಪ್ರಸಿದ್ಧವಾಯಿತು; ಮೊಬೈಲ್ ಸಂದೇಶಗಳಲ್ಲೂ ಇದೇ ಇರುತ್ತದೆ. ಆದರೆ ಅದು ಕಾಗದದ ಮೇಲಿನ ಲೆಕ್ಕ. ಅದರಲ್ಲಿ ರೆಕ್ಕೆ ಅಲುಗುವುದಿಲ್ಲ, ಪ್ರತಿ ಹಕ್ಕಿಯೂ ತನ್ನ ಜಾಗದಿಂದ ಕದಲುವುದಿಲ್ಲ. ನಿಜವಾದ ಹಕ್ಕಿ ರೆಕ್ಕೆ ಬಡಿಯುತ್ತದೆ, ಅದರ ಸುಳಿಯೂ ಏಳುತ್ತ ಬೀಳುತ್ತ ಸಾಗುತ್ತದೆ, ಅಡ್ಡಗಾಳಿ ಬಂದು ಎಲ್ಲವನ್ನೂ ಕಲಕುತ್ತದೆ. ಓರೆಯಾಗಿ ಹಾರುವುದು ಗಾಳಿಗಾಗಿ ಅಲ್ಲ, ಒಂದಕ್ಕೊಂದು ಕಾಣುವಂತೆ, ಡಿಕ್ಕಿಯಾಗದಂತೆ ಇರಲಿಕ್ಕೆ ಎಂದು ವಾದಿಸಿದವರೂ ಇದ್ದರು. ಅದೂ ತಳ್ಳಿಹಾಕುವ ಮಾತಲ್ಲ. ತೀರ್ಮಾನವಾಗಬೇಕಿದ್ದರೆ ಹಾರುವ ಹಕ್ಕಿಯ ಶ್ರಮವನ್ನು ಅದರ ಮೈಮೇಲೇ ಅಳೆಯಬೇಕಿತ್ತು. ವಲಸೆ ಹೊರಟ ಹಕ್ಕಿಗೆ ಯಂತ್ರ ಕಟ್ಟಿ ಕಳಿಸಿದರೆ ಅದು ಯಂತ್ರದ ಸಮೇತ ದೂರ ಹೋಗಿಬಿಡುತ್ತದೆ. ಈ ತೊಡಕಿನಲ್ಲೇ ಹಲವು ದಶಕ ಕಳೆದವು.

ಮೊದಲ ಗಟ್ಟಿ ಅಳತೆ ಬಂದದ್ದು 2001ರಲ್ಲಿ, ಆಫ್ರಿಕಾದ ಸೆನೆಗಲ್‌ನಿಂದ. ಒಂದು ಚಲನಚಿತ್ರದ ಚಿತ್ರೀಕರಣಕ್ಕಾಗಿ ಬಿಳಿ ಹೆಜ್ಜಾರ್ಲೆಗಳನ್ನು ಮೋಟಾರು ದೋಣಿ ಮತ್ತು ಹಗುರ ವಿಮಾನದ ಹಿಂದೆ ಹಾರುವಂತೆ ಪಳಗಿಸಲಾಗಿತ್ತು. ಫ್ರಾನ್ಸಿನ ಆನ್ರಿ ವೈಮರ್ಸ್ಕಿರ್ಶ್ ಮತ್ತು ಸಂಗಡಿಗರು ಅವುಗಳ ಹೃದಯ ಬಡಿತವನ್ನು ದಾಖಲಿಸಿದರು. ಒಂಟಿಯಾಗಿ ಹಾರುವಾಗಿನದಕ್ಕಿಂತ ಸಾಲಿನಲ್ಲಿ ಹಾರುವಾಗ ಬಡಿತ ಶೇ. 11ರಿಂದ 14ರಷ್ಟು ಕಡಿಮೆ ಇತ್ತು. ರೆಕ್ಕೆ ಬಡಿಯದೆ ತೇಲುವ ಹೊತ್ತೂ ಹೆಚ್ಚಿತ್ತು. 70ರ ಮುಂದೆ ಈ ಅಂಕಿ ಸಣ್ಣದಾಗಿ ಕಾಣಬಹುದು. ದಿನಗಟ್ಟಲೆ ರೆಕ್ಕೆ ಬಡಿಯುತ್ತ, ಮೈಯ ಕೊಬ್ಬನ್ನೇ ಉರಿಸಿಕೊಂಡು ಹಾರುವ ಜೀವಕ್ಕೆ ಹತ್ತರಲ್ಲೊಂದು ಪಾಲು ಉಳಿತಾಯವೆಂದರೆ ದಡ ಸೇರುವುದಕ್ಕೂ ಸೇರದಿರುವುದಕ್ಕೂ ಇರುವ ಅಂತರವಾಗಬಲ್ಲದು.

ಹೃದಯದ ಬಡಿತ ಲಾಭವಿದೆ ಎಂದು ಹೇಳಿತು. ಆ ಲಾಭವನ್ನು ಹಕ್ಕಿ ಹೇಗೆ ಹಿಡಿಯುತ್ತದೆ ಎಂದು ಹೇಳಲಿಲ್ಲ. ಅದನ್ನು ತೋರಿಸಿದ ಹಕ್ಕಿಯ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಹೊಲಗದ್ದೆಗಳಲ್ಲಿ ಕರಿ ಕೆಂಬರಲು ಓಡಾಡುವುದನ್ನು ನೀವು ನೋಡಿದ್ದೀರಿ. ಬಾಗಿದ ಉದ್ದ ಕೊಕ್ಕಿನ ಅದೇ ಬಳಗದ ಬೋಳುತಲೆ ಕೆಂಬರಲು ಒಂದು ಕಾಲಕ್ಕೆ ಆಲ್ಪ್ಸ್ ಪರ್ವತದ ಆಚೀಚೆ ಬದುಕಿತ್ತು. ಜನ ಬೇಟೆಯಾಡಿ ತಿಂದರು. 17ನೇ ಶತಮಾನದಲ್ಲಿ ಅದು ಮಧ್ಯ ಯುರೋಪಿನಿಂದ ಅಳಿಯಿತು. ಮೃಗಾಲಯಗಳಲ್ಲಿ ಉಳಿದಿದ್ದ ಹಕ್ಕಿಗಳಿಂದ ಮರಿ ಮಾಡಿಸಿ ಮತ್ತೆ ಕಾಡಿಗೆ ಬಿಡಬೇಕೆಂದು ಹೊರಟವರು ಆಸ್ಟ್ರಿಯಾದ ಯೊಹಾನೆಸ್ ಫ್ರಿಟ್ಸ್. ಬಿಡುವುದೇನೋ ಬಿಡಬಹುದು, ಚಳಿಗಾಲ ಬಂದಾಗ ಎಲ್ಲಿಗೆ ಹೋಗಬೇಕೆಂದು ಅವಕ್ಕೆ ಹೇಳುವವರು ಯಾರು? ಮೃಗಾಲಯದ ಹಕ್ಕಿಗಳಿಗೆ ದಾರಿ ಗೊತ್ತಿಲ್ಲ, ದಾರಿ ಬಲ್ಲ ಹಿರಿಯ ಹಕ್ಕಿ ಒಂದೂ ಉಳಿದಿಲ್ಲ. ಆಗ ಮನುಷ್ಯರೇ ತಾಯಿಯಾದರು. ಮೊಟ್ಟೆಯೊಡೆದ ಕೆಲವೇ ದಿನಗಳಿಂದ ಮರಿಗಳನ್ನು ಕೈಯಲ್ಲಿ ಸಾಕಿ, ಹಳದಿ ಅಂಗಿ ತೊಟ್ಟು, ಅದೇ ದನಿಯಲ್ಲಿ ಕರೆದು ಕರೆದು, ಕೊನೆಗೆ ಪ್ಯಾರಾಶೂಟಿನಂಥ ರೆಕ್ಕೆಯ ಹಗುರ ವಿಮಾನವೇರಿ ಕುಳಿತು ಕರೆದರೆ ಮರಿಗಳು ಹಿಂದೆ ಹಾರಿ ಬರುತ್ತಿದ್ದವು. 2004ರಲ್ಲಿ ಮೊದಲ ಬಾರಿಗೆ ಹೀಗೆ ಹಕ್ಕಿಗಳನ್ನು ಆಲ್ಪ್ಸ್ ದಾಟಿಸಿ ಇಟಲಿಯ ಟಸ್ಕನಿಗೆ ಒಯ್ದರು.

ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸ್ಟೀವನ್ ಪೋರ್ಚುಗಲ್ ಮತ್ತು ಜೇಮ್ಸ್ ಅಶರ್‌ವುಡ್ ಇದರಲ್ಲಿ ತಮಗೆ ಬೇಕಾದದ್ದನ್ನು ಕಂಡರು. ಇವು ಸಂಜೆಗೆ ಮರಳಿ ಕೈಗೆ ಸಿಗುವ ವಲಸೆ ಹಕ್ಕಿಗಳು! 14 ಮರಿಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿದರು. ಅದು ಸೆಕೆಂಡಿಗೆ 5 ಬಾರಿ ಹಕ್ಕಿಯ ಸ್ಥಾನವನ್ನೂ 300 ಬಾರಿ ಮೈಯ ಅಲುಗಾಟವನ್ನೂ ಬರೆದಿಡುತ್ತಿತ್ತು. ಹೀಗಾಗಿ ಪ್ರತಿ ರೆಕ್ಕೆಬಡಿತವೂ ಎಲ್ಲಿ, ಯಾವ ಕ್ಷಣದಲ್ಲಿ ಆಯಿತೆಂದು ತಿಳಿಯಿತು. 2014ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹಕ್ಕಿಗಳು ಮುಂದಿನದರ ಹಿಂದೆ ಸುಮಾರು ಒಂದು ಮೀಟರ್ ದೂರದಲ್ಲಿ, ಸಿದ್ಧಾಂತ ಹೇಳಿದ ಓರೆ ಜಾಗದಲ್ಲೇ ಹೆಚ್ಚು ಹೊತ್ತು ಇದ್ದವು. ಇಷ್ಟೇ ಆಗಿದ್ದರೆ ಹಳೆಯ ಮಾತಿಗೆ ಒಂದು ಮುದ್ರೆ ಬಿತ್ತು ಎನ್ನಬಹುದಿತ್ತು. ಬೆರಗು ಇರುವುದು ರೆಕ್ಕೆಬಡಿತದಲ್ಲಿ. ಮುಂದಿನ ಹಕ್ಕಿಯ ರೆಕ್ಕೆಯ ತುದಿ ಗಾಳಿಯಲ್ಲಿ ಏರಿಳಿಯುತ್ತ ಒಂದು ಅಲೆಯಂಥ ದಾರಿ ಮಾಡುತ್ತದೆ. ಹಿಂದಿನ ಹಕ್ಕಿ ತನ್ನ ಬಡಿತದ ಸಮಯವನ್ನು ಹೊಂದಿಸಿಕೊಂಡು, ತನ್ನ ರೆಕ್ಕೆಯ ತುದಿ ಅದೇ ಅಲೆಯ ಮೇಲೇ ಹಾಯುವಂತೆ ನೋಡಿಕೊಳ್ಳುತ್ತದೆ. ಏರುಗಾಳಿ ಎಲ್ಲಿದೆಯೋ ರೆಕ್ಕೆಯೂ ಅಲ್ಲೇ. ಜಾಗ ಬದಲಾಯಿಸುವಾಗ ಒಂದು ಹಕ್ಕಿ ಇನ್ನೊಂದರ ನೇರ ಹಿಂದೆ ಸಿಕ್ಕಿಕೊಂಡರೆ, ಬಡಿತ ತದ್ವಿರುದ್ಧವಾಗುತ್ತದೆ: ಮುಂದಿನ ರೆಕ್ಕೆ ಸಾಗಿದ ದಾರಿಯನ್ನು ತಪ್ಪಿಸಿ, ಇಳಿಗಾಳಿಯ ಪೆಟ್ಟು ಕಡಿಮೆಯಾಗುವಂತೆ. ಹಕ್ಕಿಗಳಿಗೆ ಇಂಥ ಸೂಕ್ಷ್ಮ ಸಾಧ್ಯವೆಂದು ಅದಕ್ಕೆ ಮೊದಲು ಹೆಚ್ಚಿನವರು ಭಾವಿಸಿರಲಿಲ್ಲ. ಗರಿಗಳ ಬುಡದ ನರಗಳಿಂದ ಗಾಳಿಯನ್ನು ಅರಿಯುತ್ತವೆಯೋ, ಕಣ್ಣಿಂದ ನೋಡಿ ಹೊಂದಿಸಿಕೊಳ್ಳುತ್ತವೆಯೋ, ಎರಡೂ ಕೂಡಿಯೋ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.

ಈ ಮರಿಗಳಿಗೆ ಸಾಲು ಕಟ್ಟುವುದನ್ನು ಕಲಿಸಿಕೊಡಲು ಹಿರಿಯ ಹಕ್ಕಿಗಳಿರಲಿಲ್ಲ. ತರಬೇತಿಯ ಮೊದಲ ದಿನಗಳಲ್ಲಿ ಅವು ಆಕಾಶದ ತುಂಬ ಚದುರಿ ಹಾರುತ್ತಿದ್ದವು. ಹಾರುತ್ತ ಹಾರುತ್ತ, ಎಲ್ಲಿ ಹಗುರವೆನಿಸುತ್ತದೆ ಎಂದು ಕಂಡುಕೊಂಡು ಸಾಲಾದವು. ಎಂದರೆ ಆಕಾರವು ಮೊಟ್ಟೆಯೊಳಗಿಂದಲೇ ಬಂದದ್ದಲ್ಲ. ಮೈ ಗಾಳಿಗೆ ಒಡ್ಡಿಕೊಂಡು ಪಡೆದದ್ದು.

ಈಗ ನಾಯಕನ ಪ್ರಶ್ನೆಗೆ ಬರೋಣ. ಎಲ್ಲಕ್ಕಿಂತ ಮುಂದಿರುವ ಹಕ್ಕಿಗೆ ಏರುಗಾಳಿ ಕೊಡುವವರಿಲ್ಲ. ಅದರ ಕೆಲಸ ಕಷ್ಟದ್ದು. ಹಾಗಾದರೆ ಯಾವ ಹಕ್ಕಿಯಾದರೂ ಏಕೆ ಮುಂದೆ ಹೋಗಬೇಕು? ಎಲ್ಲವೂ ಹಿಂದೆ ಉಳಿಯಲು ನೋಡಿದರೆ ಸಾಲೇ ಇರುವುದಿಲ್ಲ. ಬೆರ್ನ್‌ಹಾರ್ಡ್ ಫ್ಯೋಲ್ಕ್ಲ್ ಮತ್ತು ಸಂಗಡಿಗರು ಅದೇ ಕೆಂಬರಲುಗಳ ದಾಖಲೆಯನ್ನು ಹಿಡಿದು, ಯಾವ ಹಕ್ಕಿ ಯಾರ ಹಿಂದೆ ಎಷ್ಟು ಹೊತ್ತು ಹಾರಿತೆಂದು ಲೆಕ್ಕ ಮಾಡಿದರು. ಅದು 2015ರಲ್ಲಿ ಪ್ರಕಟವಾಯಿತು. ಸರಾಸರಿ ಪ್ರತಿ ಹಕ್ಕಿಯೂ ಶೇ. 32ರಷ್ಟು ಸಮಯ ಇನ್ನೊಂದರ ಏರುಗಾಳಿಯ ಲಾಭ ಪಡೆದಿತ್ತು. ಪಡೆದಷ್ಟು ಹೊತ್ತನ್ನೇ ಸುಮಾರಾಗಿ ತಾನೂ ಮುಂದಿದ್ದು ಕೊಟ್ಟಿತ್ತು. ಸಾಲಿನ ಒಳಗೆ ಎರಡೆರಡು ಹಕ್ಕಿಗಳು ಪದೇ ಪದೇ ಜಾಗ ಬದಲಿಸಿಕೊಳ್ಳುತ್ತಿದ್ದವು. ಈಗ ನೀನು ಮುಂದೆ, ಇನ್ನೊಂದು ಗಳಿಗೆಗೆ ನಾನು. ಬರೀ ಹಿಂದೆಯೇ ಉಳಿದು ಸುಖಪಟ್ಟ ಹಕ್ಕಿ ಸಿಗಲಿಲ್ಲ. ನಮ್ಮ ಹೊಲಗಳಲ್ಲಿ ಮುಯ್ಯಾಳು ಪದ್ಧತಿ ನಡೆಯುತ್ತಿದ್ದದ್ದು ಹೀಗೆಯೇ. ಇವತ್ತು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು; ಲೆಕ್ಕದ ಪುಸ್ತಕವಿಲ್ಲ, ಆದರೆ ಲೆಕ್ಕ ತಪ್ಪುವುದೂ ಇಲ್ಲ. ಮುಯ್ಯಿ ತೀರಿಸುವುದು ತಡವಾದಷ್ಟೂ ಮೋಸಕ್ಕೆ ಅವಕಾಶ ಹೆಚ್ಚು. ಹಕ್ಕಿಗಳು ಅದನ್ನು ಕೂಡಲೇ ತೀರಿಸುವುದರಿಂದ ನಂಬಿಕೆ ಮುರಿಯಲು ಸಮಯವೇ ಇರುವುದಿಲ್ಲ. ನಾಯಕತ್ವದ ಪಾಠ ಹೇಳುವವರು ಇದನ್ನು ಹೇಳಿದ್ದರೆ ಚೆನ್ನಾಗಿತ್ತು.

ಗುಂಪಿನಲ್ಲಿ ಹಾರುವುದೆಲ್ಲ ಶ್ರಮ ಉಳಿಸಲಿಕ್ಕೆ ಎಂದು ಮಾತ್ರ ತಿಳಿಯಬೇಡಿ. ಪಾರಿವಾಳಗಳು ದಟ್ಟ ಗುಂಪಾಗಿ ಹಾರುವಾಗ ರೆಕ್ಕೆಯನ್ನು ಇನ್ನೂ ವೇಗವಾಗಿ ಬಡಿಯಬೇಕಾಗುತ್ತದೆ ಎಂದು 2011ರಲ್ಲಿ ಅಶರ್‌ವುಡ್ ಅವರ ತಂಡವೇ ಅಳೆದು ತೋರಿಸಿದೆ. ಅಲ್ಲಿ ಗುಂಪು ಎಂದರೆ ಖರ್ಚು. ಗಿಡುಗದಿಂದ ಪಾರಾಗಲು ಆ ಖರ್ಚನ್ನು ಅವು ಭರಿಸುತ್ತವೆ. ಚಳಿಗಾಲದಲ್ಲಿ ನಮ್ಮ ಜೋಳದ ಹೊಲಗಳ ಮೇಲೆ ಹೊಗೆಯಂತೆ ಸುತ್ತುವ ಗುಲಾಬಿ ಕಬ್ಬಕ್ಕಿಗಳ ಹಿಂಡಿನಲ್ಲೂ ಬಾಣದ ಮೊನೆ ಇಲ್ಲ. ಅವುಗಳ ಸಂಬಂಧಿಗಳ ಹಿಂಡುಗಳನ್ನು ರೋಮ್ ನಗರದಲ್ಲಿ ಚಿತ್ರೀಕರಿಸಿ ಅಭ್ಯಾಸ ಮಾಡಿದವರು, ಪ್ರತಿ ಹಕ್ಕಿಯೂ ತನ್ನ ಸುತ್ತಲ ಆರೇಳು ಹಕ್ಕಿಗಳನ್ನು ಮಾತ್ರ ಗಮನಿಸುತ್ತದೆ ಎಂದು 2008ರಲ್ಲಿ ಹೇಳಿದರು. ಸಣ್ಣ ಹಕ್ಕಿಯ ಸುಳಿ ಸಣ್ಣದು, ಅದರಲ್ಲಿ ನೆಲೆ ಹಿಡಿದು ಹಾರುವುದು ಕಷ್ಟ. ಹೆಬ್ಬಾತು, ಕ್ರೌಂಚ, ಹೆಜ್ಜಾರ್ಲೆ, ಕೆಂಬರಲು, ನೀರುಕಾಗೆ ಇಂಥ ದೊಡ್ಡ ಮೈಯ ಹಕ್ಕಿಗಳಿಗೇ ಓರೆಸಾಲು ಒಗ್ಗುವುದು. ಇದನ್ನು ನೋಡಿ ವಿಮಾನ ಕಟ್ಟುವವರೂ ಕಲಿತಿದ್ದಾರೆ: 2021ರ ನವೆಂಬರಿನಲ್ಲಿ ಏರ್‌ಬಸ್ ಸಂಸ್ಥೆಯ ಎರಡು ವಿಮಾನಗಳು ಸುಮಾರು 3 ಕಿಲೋಮೀಟರ್ ಅಂತರದಲ್ಲಿ ಒಂದರ ಏರುಗಾಳಿಯಲ್ಲಿ ಇನ್ನೊಂದು ಹಾರಿ, ಫ್ರಾನ್ಸಿನ ಟುಲೂಸ್‌ನಿಂದ ಕೆನಡಾದ ಮಾಂಟ್ರಿಯಲ್ ತಲುಪಿದವು.

ನಮ್ಮ ಪಟ್ಟೆತಲೆ ಹೆಬ್ಬಾತಿಗೆ ಗಾಳಿಯ ಸಮಸ್ಯೆ ಬೇರೆ ಬಗೆಯದು. ಹಿಮಾಲಯದ ಎತ್ತರದಲ್ಲಿ ಗಾಳಿ ತೆಳು: ಉಸಿರಿಗೆ ಆಮ್ಲಜನಕ ಕಡಿಮೆ, ರೆಕ್ಕೆಗೆ ಆಧಾರವೂ ಕಡಿಮೆ. ಇವು ಎವರೆಸ್ಟ್ ಶಿಖರದ ಮೇಲೇ ಹಾರಿಹೋಗುತ್ತವೆ ಎಂಬ ಮಾತಿದೆ. ಉಪಗ್ರಹದ ಮೂಲಕ ಹಿಂಬಾಲಿಸಿದಾಗ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಸಾಮಾನ್ಯವಾಗಿ ಅವು ಅದಕ್ಕಿಂತ ಬಹಳ ಕೆಳಗೆ, ಕಣಿವೆಗಳ ದಾರಿ ಹಿಡಿಯುತ್ತವೆ. ಬೆಟ್ಟ ಏರಿದಂತೆ ಏರಿ, ಇಳಿದಂತೆ ಇಳಿದು, ನೆಲವನ್ನು ಅನುಸರಿಸಿಯೇ ಹಾರುತ್ತವೆ ಎಂದು ಚಾರ್ಲ್ಸ್ ಬಿಷಪ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಒಮ್ಮೆ ಏರಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುವುದು ದಂಡವೆಂದು ನಮಗನಿಸುತ್ತದೆ. ಆದರೆ ತೆಳುಗಾಳಿಯಲ್ಲಿ ಗಂಟೆಗಟ್ಟಲೆ ರೆಕ್ಕೆ ಬಡಿಯುವ ದುಡಿಮೆ ಅದಕ್ಕಿಂತ ದುಬಾರಿ. ರಾತ್ರಿ ಮತ್ತು ನಸುಕಿನಲ್ಲಿ, ಗಾಳಿ ತಂಪಾಗಿ ದಟ್ಟವಾಗಿರುವಾಗ ಹಾರುವುದೂ ಇದೇ ಲೆಕ್ಕದ್ದು.

ದಾರಿಯ ಈ ತಿಳಿವು ಎಲ್ಲಿಂದ ಬರುತ್ತದೆ? ಇಲ್ಲಿ ಹಕ್ಕಿಗಳಲ್ಲಿ ಎರಡು ಬಗೆ. ಚಾತಕವನ್ನು ನೋಡಿ. ಅದರ ಮರಿ ಬೆಳೆಯುವುದು ಹರಟೆಮಲ್ಲನ ಗೂಡಿನಲ್ಲಿ. ಸಾಕಿದವು ಎಲ್ಲಿಗೂ ವಲಸೆ ಹೋಗುವುದಿಲ್ಲ, ಹೆತ್ತವು ಸಾಕಲಿಲ್ಲ. ಕೋಗಿಲೆಯ ಬಳಗದ ವಲಸೆ ಹಕ್ಕಿಗಳಿಗೆ ದಾರಿ ಹುಟ್ಟಿನಲ್ಲೇ ಬಂದಿರುತ್ತದೆ, ಒಂಟಿಯಾಗಿ ಹೋಗುತ್ತವೆ. ಮಂಗೋಲಿಯಾದಲ್ಲಿ 2019ರಲ್ಲಿ ಯಂತ್ರ ಕಟ್ಟಿ ಬಿಟ್ಟ ‘ಓನನ್’ ಎಂಬ ಕುಕೂ ಹಕ್ಕಿ ಭಾರತವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕಾದ ಜಾಂಬಿಯಾ ಮುಟ್ಟಿ, ಮರುವರ್ಷ ಹಿಂದಿರುಗಿತು. ಹೆಬ್ಬಾತು, ಕ್ರೌಂಚಗಳ ಬಗೆ ಇನ್ನೊಂದು. ಹೆಬ್ಬಾತಿನ ಮರಿಗಳು ಮೊದಲ ಪಯಣವನ್ನು ತಂದೆತಾಯಿಗಳ ಜತೆಗೇ ಮಾಡುತ್ತವೆ, ಮೊದಲ ಚಳಿಗಾಲವನ್ನೂ ಜತೆಗೇ ಕಳೆಯುತ್ತವೆ.

ಹಿರಿಯರಿದ್ದರೆ ಎಷ್ಟು ವ್ಯತ್ಯಾಸ? ಅಮೆರಿಕದಲ್ಲಿ ಅಳಿವಿನಂಚಿಗೆ ಹೋಗಿದ್ದ ಹೂಪಿಂಗ್ ಕ್ರೇನ್ ಎಂಬ ಬಿಳಿ ಕ್ರೌಂಚಗಳನ್ನು 2001ರಿಂದ ಹಗುರ ವಿಮಾನದ ಹಿಂದೆ ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ಒಯ್ದು ದಾರಿ ಕಲಿಸಿದರು. ಮುಂದೆ ಅವು ತಾವಾಗಿ ವಲಸೆ ಹೋದಾಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2013ರಲ್ಲಿ ಬಂತು. ಗುಂಪಿನಲ್ಲಿ ಏಳು ವರ್ಷದ ಒಂದು ಹಕ್ಕಿ ಇದ್ದರೆ, ಬರೀ ಒಂದು ವರ್ಷದ ಹಕ್ಕಿಗಳ ಗುಂಪಿಗಿಂತ ನೇರ ದಾರಿಯಿಂದ ಆಚೀಚೆ ಸರಿಯುವುದು ಶೇ. 38ರಷ್ಟು ಕಡಿಮೆಯಾಗಿತ್ತು. ಗುಂಪು ದೊಡ್ಡದೋ ಚಿಕ್ಕದೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ, ಹಿರಿಯ ಹಕ್ಕಿಯ ವಯಸ್ಸಿನಿಂದ ಆಯಿತು. ಅಂಥ ಒಂದು ಹಕ್ಕಿ ಸತ್ತರೆ ತಲೆ ಎಣಿಕೆಯಲ್ಲಿ ಒಂದು ಕಡಿಮೆ, ಅಷ್ಟೇ. ಆದರೆ ಗುಂಪಿನ ತಿಳಿವಿನಲ್ಲಿ ಆದ ನಷ್ಟ ಯಾವ ಗಣತಿಯಲ್ಲೂ ಕಾಣುವುದಿಲ್ಲ. ಮನುಷ್ಯರು ದಾರಿ ಕಲಿಸಿದ ಕೆಂಬರಲುಗಳಲ್ಲಿ ಟಸ್ಕನಿಯಿಂದ ಆಲ್ಪ್ಸ್ ದಾಟಿ ತಾನಾಗಿ ಮರಳಿದ ಮೊದಲನೆಯದು ‘ಗೋಯಾ’ ಎಂಬ ಹೆಣ್ಣು. ಅದು 2011ರಲ್ಲಿ. ಮರುವರ್ಷ ಇಟಲಿಯಲ್ಲಿ ಬೇಟೆಗಾರನ ಗುಂಡು ಅದನ್ನು ಕೊಂದಿತು. ಇತ್ತೀಚೆಗೆ ಶರತ್ಕಾಲ ಬೆಚ್ಚಗಾಗಿ, ಹಕ್ಕಿಗಳು ತಡವಾಗಿ ಹೊರಟು ಆಲ್ಪ್ಸ್ ದಾಟಲಾರದೆ ಹೋಗುತ್ತಿವೆ. ಹಾಗಾಗಿ 2023ರಿಂದ ಅವಕ್ಕೆ ಸ್ಪೇನಿನ ಕಡೆಗೆ ಹೊಸ ದಾರಿ ಕಲಿಸಲಾಗುತ್ತಿದೆ. ಒಮ್ಮೆ ಕಡಿದ ದಾರಿಯನ್ನು ಮತ್ತೆ ಕೂಡಿಸಲು ಎಷ್ಟು ಜನರ, ಎಷ್ಟು ವರ್ಷಗಳ ದುಡಿಮೆ ಬೇಕು ನೋಡಿ.

ಮಾಗಡಿಯ ದಾರಿ ಇನ್ನೂ ಕಡಿದಿಲ್ಲ. ಕೆರೆ ಸುಮಾರು 54 ಹೆಕ್ಟೇರಿನದು, ದೊಡ್ಡದೇನಲ್ಲ. 2024ರಲ್ಲಿ ಅಂಕಸಮುದ್ರ, ಅಘನಾಶಿನಿಗಳ ಜತೆ ಅದಕ್ಕೂ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ರಾಮ್ಸಾರ್ ಪಟ್ಟ ಸಿಕ್ಕಿತು. ಪಟ್ಟ ಸಿಕ್ಕಿದ ಮಾತ್ರಕ್ಕೆ ಕೆರೆಗೆ ನೀರು ಬರುವುದಿಲ್ಲ. ನೀರು ಬರುವ ಹಳ್ಳಗಳು ತೆರೆದಿರಬೇಕು, ಹೂಳು ತೆಗೆಯುವುದಿದ್ದರೆ ಹಕ್ಕಿಗಳಿಲ್ಲದ ತಿಂಗಳಲ್ಲಿ ಆಗಬೇಕು. ಹೆಬ್ಬಾತುಗಳು ಹೊಲಕ್ಕಿಳಿದು ಚಿಗುರು, ಕಾಳು ಮೇಯುತ್ತವೆ. ಆ ನಷ್ಟವನ್ನು ರೈತರು ಇಷ್ಟು ವರ್ಷ ಸಹಿಸಿಕೊಂಡು ಬಂದಿದ್ದಾರೆ. ಸರ್ಕಾರ ಇದನ್ನು ಅವರ ಔದಾರ್ಯಕ್ಕೇ ಬಿಟ್ಟುಬಿಡುವುದು ನ್ಯಾಯವಲ್ಲ. ಜಿಲ್ಲೆಯಲ್ಲಿ ಗಾಳಿಯಂತ್ರಗಳೂ ಅವುಗಳ ವಿದ್ಯುತ್ ತಂತಿಗಳೂ ಹೆಚ್ಚಿವೆ. ಮಬ್ಬು ಬೆಳಕಿನಲ್ಲಿ ಕೆರೆಗೂ ಹೊಲಕ್ಕೂ ನಡುವೆ ತಗ್ಗಿನಲ್ಲಿ ಹಾರುವ ಭಾರದ ಹಕ್ಕಿಗೆ ತಂತಿ ಕಾಣುವಷ್ಟರಲ್ಲಿ ತಿರುಗಲು ಸಮಯವಿರುವುದಿಲ್ಲ. ಕೆರೆಯ ಆಸುಪಾಸಿನ ತಂತಿಗಳಿಗೆ ಹಕ್ಕಿಗಳಿಗೆ ಕಾಣುವಂಥ ಬಿಲ್ಲೆಗಳನ್ನು ತೂಗುಹಾಕುವುದು ದೊಡ್ಡ ಖರ್ಚಿನ ಕೆಲಸವಲ್ಲ. ಈ ಸಭೆಯಲ್ಲಿ ಅಂಥ ತೀರ್ಮಾನ ಮಾಡಬಲ್ಲವರು ಇದ್ದರೆ ಇದನ್ನು ನನ್ನ ಬೇಡಿಕೆಯೆಂದೇ ತಿಳಿಯಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕುತ್ತಿಗೆಗೆ ಅಕ್ಷರ ಮತ್ತು ಅಂಕಿ ಬರೆದ ಬಣ್ಣದ ಪಟ್ಟಿ ತೊಡಿಸಿ ಬಿಡುತ್ತಾರೆ. ಅಂಥವು ಮೈಸೂರಿನ ಹತ್ತಿರದ ಹದಿನಾರು ಎಂಬ ಊರಿನ ಕೆರೆಯಲ್ಲೂ ನಿಮ್ಮ ಮಾಗಡಿಯಲ್ಲೂ ಕಂಡಿವೆ. ಶಿವರಾತ್ರಿಯ ಹೊತ್ತಿಗೆ ಹಕ್ಕಿಗಳು ಹೊರಡತೊಡಗುತ್ತವೆ, ಅಲ್ಲಿಯವರೆಗೆ ಸಮಯವಿದೆ. ಬೈನಾಕ್ಯುಲರ್ ಹಿಡಿದು ಏರಿಯ ಮೇಲೆಯೇ ನಿಂತು ನೋಡಿ, ನೀರಿನ ಅಂಚಿಗೆ ಇಳಿಯಬೇಡಿ. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಅಂಕಿ, ದಿನಾಂಕ, ಜತೆಗೆ ಎಷ್ಟು ಹಕ್ಕಿಗಳಿದ್ದವು, ಅವುಗಳಲ್ಲಿ ತಲೆಯ ಪಟ್ಟೆ ಇನ್ನೂ ಸ್ಪಷ್ಟವಾಗಿ ಮೂಡದ ಮರಿಗಳೆಷ್ಟು ಎಂದು ಬರೆದುಕೊಂಡು ಅರಣ್ಯ ಇಲಾಖೆಯ ಸಿಬ್ಬಂದಿಗೆ ಕೊಡಿ. ಅದೇ ಪಟ್ಟಿಯ ಹಕ್ಕಿ ಮುಂದಿನ ವರ್ಷವೂ ಬಂದರೆ, ಯಾರ ಜತೆ ಬಂತು ಎಂಬುದನ್ನು ಹೇಳಬಲ್ಲವರು ನೀವು ಮಾತ್ರ.